ಸಮುದ್ರದ ಎಣ್ಣೆ ರಿಗ್ ಕೆಲಸ ಬೇಕು ಅಂತ ಕೇಳೋ ನಮ್ಮ ಕಡೆ ಹುಡುಗ್ರಿಗೆ

ಜೂನ್ 1ಕ್ಕೆ ಕಾರವಾರದ ಬೈತಖೋಲ ಬಂದರಲ್ಲಿ ಬೋಟ್ ಎಲ್ಲಾ ಕಟ್ಟಿ ಹಾಕ್ತಿದ್ದಂಗೆ ನನ್ನ ಫೋನಿಗೆ ಮೆಸೇಜ್ ಬರೋಕೆ ಶುರು ಆಗುತ್ತೆ. ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ಬಂದ್, ಮಳೆ ಬೇರೆ ಹೊಯ್ತಾ ಇರುತ್ತೆ, ಕೈಯಲ್ಲಿ ಕೆಲಸ ಇಲ್ಲ, ಸಾಲದ ಕಂತು ಮಾತ್ರ ನಿಲ್ಲಲ್ಲ. "ಅಣ್ಣಾ ರಿಗ್ಗಲ್ಲಿ ಏನಾದ್ರೂ ನೋಡೋ." ಮಾಜಾಳಿಯಿಂದ, ಮುದಗಾದಿಂದ, ಬೇಲೇಕೇರಿಯಿಂದ, ತದಡಿಯಿಂದ, ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಗಳ ಮಕ್ಕಳಿಂದ, ಈಚೆಗೆ ಶಿರಸಿ ಕಡೆ ಡಿಪ್ಲೊಮಾ ಮುಗಿಸಿದ ಹುಡುಗ್ರಿಂದಾನೂ ಬರುತ್ತೆ. ಎಲ್ಲರಿಗೂ ಒಬ್ಬೊಬ್ಬರಿಗೇ ಹೇಳೋಕೆ ಆಗಲ್ಲ ಅದಕ್ಕೆ ಗೊತ್ತಿರೋದನ್ನ ಇಲ್ಲಿ ಒಂದು ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬಹುದು, ಕೆಲಸ ಬೇಕಾದವರು ಪೂರ್ತಿ ಓದಿ.

ಮೊದಲು ನಾನ್ಯಾರು ಅಂತ. ರಿಗ್ಗರ್ ಆಗಿ, ಅಂದ್ರೆ ಭಾರದ ಸಾಮಾನು ಕಟ್ಟಿ ಎತ್ತಿಸೋ ಕೆಲಸಕ್ಕೆ ಸೇರಿ, ಈಗ ಕ್ರೇನ್ ಆಪರೇಟರ್ ಆಗಿದೀನಿ, ಮುಂಬೈ ಹೈಯಲ್ಲೂ ಗಲ್ಫಲ್ಲೂ ಕೆಲಸ ಮಾಡಿದೀನಿ. ಕಂಪನಿ ಹೆಸರು ಕೇಳ್ಬೇಡಿ. ನಾನು ಯಾರನ್ನೂ ನೇರವಾಗಿ ಒಳಗೆ ಹಾಕಿಸೋ ಸ್ಥಾನದಲ್ಲಿಲ್ಲ, ಆದ್ರೆ ಬಾಗಿಲು ಎಲ್ಲಿದೆ ಅಂತ ತೋರಿಸ್ಬಹುದು.

ಮುಂಬೈ ಹೈ ಅಂದ್ರೆ ಮುಂಬೈಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ ಸಮುದ್ರದ ಮಧ್ಯ ಇರೋ ಎಣ್ಣೆ ಕ್ಷೇತ್ರ. 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನೋ ರಿಗ್ ಅಲ್ಲಿ ಕೊರೆದಾಗ ಎಣ್ಣೆ ಸಿಕ್ಕಿತು, 1976ರಿಂದ ಉತ್ಪಾದನೆ. ಅದು ಬಿಟ್ರೆ ಪೂರ್ವ ಕರಾವಳಿಲಿ ಕಾಕಿನಾಡ ಎದುರಿನ ಕೆಜಿ (ಕೃಷ್ಣಾ-ಗೋದಾವರಿ) ಬೇಸಿನ್ ಇದೆ. ಗಲ್ಫ್ ಕಡೆ ಸೌದಿ, ಅಬುಧಾಬಿ, ಕತಾರ್. ನಮ್ಮವರು ಎಲ್ಲದಕ್ಕೂ "ರಿಗ್" ಅಂತಾರೆ, ಆದ್ರೆ ಕೊರೆಯೋ ರಿಗ್ ಬೇರೆ, ಎಣ್ಣೆ ತೆಗೆಯೋ ಪ್ಲಾಟ್‌ಫಾರ್ಮ್ ಬೇರೆ, ಕೆಲಸಗಾರರು ಮಲಗೋ ಬಾರ್ಜ್ ಬೇರೆ, ಸಾಮಾನು ತರೋ ಸಪ್ಲೈ ಬೋಟ್ ಬೇರೆ. ಇದು ಯಾಕೆ ಮುಖ್ಯ ಅಂದ್ರೆ ಒಂದೊಂದಕ್ಕೆ ಕಾಗದಪತ್ರ ಒಂದೊಂದು ಥರ. ಸಪ್ಲೈ ಬೋಟಲ್ಲಿ ಡೆಕ್ ಕೆಲಸ ಅಂದ್ರೆ ನೀವು ಸೀಮನ್, ಸಿಡಿಸಿ ಅನ್ನೋ ಸೀಮನ್ ಪುಸ್ತಕ ಬೇಕು, ಇಂಡೋಸ್ ಅನ್ನೋ ಸೀಮನ್ ನೋಂದಣಿ ನಂಬರ್ ಬೇಕು, ಎಸ್‌ಟಿಸಿಡಬ್ಲ್ಯೂ ಅನ್ನೋ ಹಡಗು ಸುರಕ್ಷತೆಯ ಬೇಸಿಕ್ ಕೋರ್ಸ್ ಬೇಕು. ಪ್ಲಾಟ್‌ಫಾರ್ಮಲ್ಲಿ ವೆಲ್ಡರ್ ಅಂದ್ರೆ ನಿಮ್ಮ ವೆಲ್ಡಿಂಗ್ ಟೆಸ್ಟ್ ಮುಖ್ಯ, ಜೊತೆಗೆ ಆಫ್‌ಶೋರ್ ಸೇಫ್ಟಿ ಟ್ರೇನಿಂಗ್ ಮತ್ತು ಮೆಡಿಕಲ್.

ಕೊರೆಯೋ ರಿಗ್ಗಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ರೌಸ್ಟಬೌಟ್. ಸಪ್ಲೈ ಬೋಟಿಂದ ಬಂದ ಸಾಮಾನು ಇಳಿಸೋದು, ಕ್ರೇನ್ ಹುಕ್ಕಿಗೆ ಸ್ಲಿಂಗ್ (ಸಾಮಾನು ಎತ್ತೋ ಹಗ್ಗ) ಹಾಕೋದು, ತುಕ್ಕು ಕೆರೆಯೋದು, ಪೇಂಟ್, ಡೆಕ್ ತೊಳೆಯೋದು. ಅದರ ಮೇಲೆ ಫ್ಲೋರ್‌ಮನ್, ಗೋಪುರದ ಮೇಲೆ ಪೈಪ್ ನೋಡ್ಕೊಳ್ಳೋ ಡೆರಿಕ್‌ಮನ್, ಆಮೇಲೆ ಅಸಿಸ್ಟೆಂಟ್ ಡ್ರಿಲ್ಲರ್, ಡ್ರಿಲ್ಲರ್, ಇವರೆಲ್ಲರ ಮೇಲ್ವಿಚಾರಕ ಟೂಲ್‌ಪುಷರ್. ಫ್ಲೋರ್‌ಮನ್ ಕೆಲಸ ಅಂದ್ರೆ ಸುಮಾರು 30 ಅಡಿ ಉದ್ದದ ಡ್ರಿಲ್ ಪೈಪುಗಳನ್ನ ಒಂದಕ್ಕೊಂದು ಜೋಡಿಸೋದು, ಬಿಚ್ಚೋದು, ಮೈಮೇಲೆಲ್ಲಾ ಮಡ್, ಅಂದ್ರೆ ಕೊರೆಯೋವಾಗ ಬಾವಿಗೆ ಬಿಡೋ ಕೆಸರಿನಂಥ ದ್ರವ. 12 ತಾಸು ಪಾಳಿ, ಹಗಲು ಅಥವಾ ರಾತ್ರಿ, ರಜಾ ಅಂತ ಇಲ್ಲ, ಊರಿಗೆ ಬಂದಾಗಲೇ ರಜಾ. ರೌಸ್ಟಬೌಟ್ ಕೆಲಸಕ್ಕೆ ಅನುಭವ ಬೇಡ ಅಂತ ಇಂಟರ್ನೆಟ್ಟಲ್ಲಿ ಬರೆದಿರುತ್ತೆ, ಅದು ಅಮೆರಿಕದ ಹುಡುಗನಿಗೆ ನಿಜ ಇರ್ಬಹುದು. ಒಬ್ಬ ಹೊಸ ಹುಡುಗನಿಗೆ ವೀಸಾ, ಟಿಕೆಟ್ ಎಲ್ಲಾ ಕೊಟ್ಟು ಕಾರವಾರದಿಂದ ಡೆಕ್ ತೊಳೆಯೋಕೆ ಯಾವ ಕಂಪನೀನೂ ಕರೆಸಲ್ಲ. ಈ ಒಂದು ಮಾತು ತಲೆಯಲ್ಲಿ ಇಟ್ಕೊಂಡ್ರೆ ಅರ್ಧ ಮೋಸದಿಂದ ನೀವು ಪಾರು.

ನಮ್ಮ ಹುಡುಗ್ರು ಒಳಗೆ ಹೋಗಿರೋದೆಲ್ಲಾ ಕೈಕಸುಬಿನ ಬಾಗಿಲಿಂದ. ವೆಲ್ಡರ್, ಅದರಲ್ಲೂ 6ಜಿ, ಅಂದ್ರೆ ಓರೆಯಾಗಿ ನಿಲ್ಲಿಸಿದ ಪೈಪಿಗೆ ವೆಲ್ಡಿಂಗ್ ಮಾಡೋನು. ಫಿಟ್ಟರ್, ಇಲೆಕ್ಟ್ರಿಷಿಯನ್, ಇನ್ಸ್‌ಟ್ರುಮೆಂಟ್ ಟೆಕ್ನಿಷಿಯನ್, ಡೀಸೆಲ್ ಮೆಕ್ಯಾನಿಕ್, ಅಟ್ಟಣಿಗೆ ಕಟ್ಟೋ ಸ್ಕ್ಯಾಫೋಲ್ಡರ್, ರಿಗ್ಗರ್, ಪೇಂಟರ್. ಅಡಿಗೆ ಬಲ್ಲವನಾದ್ರೆ ಗ್ಯಾಲಿ ಅಂದ್ರೆ ರಿಗ್ಗಿನ ಅಡಿಗೆಮನೆ, ಸಮುದ್ರದ ತಳಕ್ಕೆ ಕಾಲೂರಿ ನಿಲ್ಲೋ ಜಾಕ್‌ಅಪ್ ರಿಗ್ಗಲ್ಲಿ ನೂರರ ಆಸುಪಾಸು ಜನ ಇರ್ತಾರೆ, ಅಷ್ಟೂ ಜನಕ್ಕೆ ದಿನದಲ್ಲಿ ನಾಲ್ಕು ಸಲ ಊಟ ಹಾಕ್ಬೇಕು, ಗೋವಾ ಹೋಟೆಲಲ್ಲಿ ಕೆಲಸ ಮಾಡಿದ ನಮ್ಮವರು ಆ ದಾರೀಲಿ ಹೋಗಿ ಊಟ ವಸತಿ ನೋಡ್ಕೊಳ್ಳೋ ಕ್ಯಾಂಪ್ ಬಾಸ್ ಆದವರೂ ಇದಾರೆ. ನರ್ಸಿಂಗ್ ಓದಿ ಅನುಭವ ಇದ್ರೆ ರಿಗ್ ಮೆಡಿಕ್. ಐಟಿಐ ಮುಗಿಸಿದವರು ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿ ಅಪ್ರೆಂಟಿಸ್ ಜಾಹೀರಾತು ಬಿಡೋದನ್ನ ಕಾದು ನೋಡ್ತಾ ಇರಿ, ಅಪ್ರೆಂಟಿಸ್ ಆದ್ರೆ ಪರ್ಮನೆಂಟ್ ಆಗುತ್ತೆ ಅಂತ ಗ್ಯಾರಂಟಿ ಇಲ್ಲ ಆದ್ರೆ ಬಯೋಡೇಟಾದಲ್ಲಿ ಆ ಒಂದು ಸಾಲಿಗೆ ಕಾಂಟ್ರಾಕ್ಟರ್ ಹತ್ರ ಬೆಲೆ ಇದೆ.

ಈಗ ಮೋಸದ ಆಫರ್ ಲೆಟರ್ ವಿಷಯ. ಹೋದ ಮಳೆಗಾಲ ನಮ್ಮ ಕೇರಿಯ ಒಬ್ಬ ತಾಯಿ ಮಗನ ಆಫರ್ ಲೆಟರ್ ತಗೊಂಡು ಮನೆಗೆ ಬಂದ್ರು, ಪ್ಲಾಸ್ಟಿಕ್ ಕವರಲ್ಲಿ ಮಡಚದೆ ಇಟ್ಕೊಂಡು, ಜೋಪಾನವಾಗಿ. ಮೇಲೆ ದೊಡ್ಡ ಕಂಪನಿ ಲೋಗೋ, ಅಂಚು ಮಸುಕು ಮಸುಕು, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ್ದು ಕಣ್ಣಿಗೇ ಗೊತ್ತಾಗೋ ಹಂಗೆ. ಹುದ್ದೆ ರೌಸ್ಟಬೌಟ್, ಸಂಬಳ ಸಾವಿರಾರು ಡಾಲರ್, ಊಟ ವಸತಿ ಫ್ರೀ, ಕುಟುಂಬಕ್ಕೂ ವೀಸಾ. ರಿಗ್ ಹೆಸರಿಲ್ಲ. ಎಷ್ಟು ದಿನ ಕೆಲಸ ಎಷ್ಟು ದಿನ ರಜಾ ಅಂತ ರೊಟೇಷನ್ ಬರೆದಿಲ್ಲ. ಮೆಡಿಕಲ್ ಬಗ್ಗೆ, ಸೇಫ್ಟಿ ಸರ್ಟಿಫಿಕೇಟ್ ಬಗ್ಗೆ ಒಂದಕ್ಷರ ಇಲ್ಲ. ಕೆಳಗೆ ಜಿಮೇಲ್ ವಿಳಾಸ. ಕೊನೇ ಪ್ಯಾರಾದಲ್ಲಿ ವೀಸಾ ಪ್ರೊಸೆಸಿಂಗ್‌ಗೆ ದುಡ್ಡು ಇಂತಾ ಖಾತೆಗೆ ಹಾಕಿ, ಸೇರಿದ ಮೇಲೆ ವಾಪಸ್ ಕೊಡ್ತೀವಿ ಅಂತ, ಆ ಖಾತೆ ಕಂಪನಿದಲ್ಲ, ಯಾವುದೋ ಒಬ್ಬ ಮನುಷ್ಯನ ಹೆಸರಿಂದು. ಇಂಟರ್‌ವ್ಯೂ ಆಗಿದ್ದು ವಾಟ್ಸಾಪ್ ಚಾಟಲ್ಲಿ. ಆ ತಾಯಿ ಮೊದಲ ಕಂತು ಆಗ್ಲೇ ಕಟ್ಟಿ ಆಗಿತ್ತು, ಎರಡನೇದಕ್ಕೆ ಬಳೆ ಅಡ ಇಡೋಕೆ ಹೊರಟಿದ್ರು, ಅಷ್ಟ್ರಲ್ಲಿ ಯಾರೋ ನನ್ನ ಹೆಸರು ಹೇಳಿದ್ರಂತೆ. ಬಳೆ ಉಳೀತು, ಮೊದಲ ಕಂತು ವಾಪಸ್ ಬರ್ಲಿಲ್ಲ. ಇದು ಬರೀವಾಗ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಾಗಾಗಿ ಕಾನೂನು ಏನಿದೆ ಅಂತ ತಿಳ್ಕೊಳ್ಳಿ, ಇದು ಬೇಜಾರಿನ ಭಾಗ ಆದ್ರೂ ಬಿಡ್ಬೇಡಿ. ಹಡಗಿನ ಕೆಲಸಕ್ಕೆ ಕಳಿಸೋ ಏಜೆನ್ಸಿ ಹತ್ರ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಟ್ಟ ಆರ್‌ಪಿಎಸ್‌ಎಲ್ ಅನ್ನೋ ನೇಮಕಾತಿ ಲೈಸೆನ್ಸ್ ಇರ್ಲೇಬೇಕು, ಮತ್ತೆ ಅವರು ಕೆಲಸ ಕೊಡಿಸಿದ್ದಕ್ಕೆ ಸೀಮನ್ ಹತ್ರ ಫೀಸು ತಗೊಳ್ಳೋ ಹಾಗೇ ಇಲ್ಲ, ಆ ಖರ್ಚು ಹಡಗಿನ ಮಾಲೀಕಂದು. ಪಾಸ್‌ಪೋರ್ಟ್, ಸಿಡಿಸಿ, ಮೆಡಿಕಲ್ ಖರ್ಚು ಮಾತ್ರ ನಿಮ್ಮದು. ಸೀಮನ್ ಅಲ್ಲದೆ ವೆಲ್ಡರ್, ಫಿಟ್ಟರ್ ಅಂತ ಗಲ್ಫಿಗೆ ಹೋಗೋದಾದ್ರೆ ಏಜೆಂಟ್ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ನೋಂದಣಿ ಆಗಿರ್ಬೇಕು, ಅವರು ತಗೊಳ್ಬಹುದಾದ ಸರ್ವಿಸ್ ಚಾರ್ಜಿಗೆ 30,000 ರೂಪಾಯಿ ಮತ್ತೆ ಅದ್ರ ಮೇಲಿನ ಜಿಎಸ್‌ಟಿ ಅಂತ ಮಿತಿ ಇದೆ, ರಸೀದಿ ಕೊಡ್ಬೇಕು. ಎರಡೂ ಪಟ್ಟಿ ಸರ್ಕಾರಿ ವೆಬ್‌ಸೈಟಲ್ಲೇ ಇದೆ, ಏಜೆನ್ಸಿ ಹೆಸರು ಹಾಕಿ ಹುಡುಕಿ. ಲಕ್ಷಗಟ್ಟಲೆ ಕೇಳ್ತಾನೆ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋಗು ಅಲ್ಲಿ ಹೋದ್ಮೇಲೆ ಮಾಡ್ಸೋಣ ಅಂದ್ರೂ ಎದ್ದು ಬನ್ನಿ. ಆನ್‌ಲೈನಲ್ಲಿ ದುಡ್ಡು ಹಾಕಿ ಮೋಸ ಆಗಿದೆ ಅಂತ ಗೊತ್ತಾದ್ರೆ ಮರ್ಯಾದೆ ಅಂತ ಕೂತ್ಕೊಳ್ಬೇಡಿ, ಆ ಕ್ಷಣಾನೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟು ಖಾತೆ ತಡೆ ಹಿಡಿಯೋ ಸಾಧ್ಯತೆ ಜಾಸ್ತಿ.

ಸೇಫ್ಟಿ ಕೋರ್ಸಿಗೆ ಬೋಸಿಯೆಟ್ ಅಂತಾರೆ, ನಮ್ಮ ಕಡೆ ಬೆಚ್ಚಗಿನ ಸಮುದ್ರಕ್ಕೆ ಟಿ-ಬೋಸಿಯೆಟ್, 4 ವರ್ಷಕ್ಕೊಮ್ಮೆ ರಿಫ್ರೆಶರ್ ಮಾಡ್ಬೇಕು. ಅದ್ರಲ್ಲಿ ಬೆಂಕಿ ಆರಿಸೋದು, ಫಸ್ಟ್ ಏಡ್, ಲೈಫ್‌ಬೋಟ್ ಎಲ್ಲಾ ಇದೆ, ಆದ್ರೆ ಎಲ್ಲರ ಎದೆ ಹೊಡ್ಕೊಳ್ಳೋದು ಹ್ಯೂಯೆಟ್‌ಗೆ. ಹೆಲಿಕಾಪ್ಟರ್ ನೀರಿಗೆ ಬಿದ್ರೆ ಹೊರಗೆ ಬರೋ ಅಭ್ಯಾಸ ಅದು. ಈಜುಕೊಳದ ಮೇಲೆ ಹೆಲಿಕಾಪ್ಟರ್ ಒಳಗಿನ ಹಂಗೇ ಸೀಟು ಕಿಟಕಿ ಇರೋ ಒಂದು ಡಬ್ಬ ತೂಗಾಡ್ತಿರುತ್ತೆ, ಬೆಲ್ಟ್ ಹಾಕಿ ಕೂರಿಸಿ ನೀರಿಗೆ ಇಳಿಸಿ ತಲೆಕೆಳಗಾಗಿ ಮಗುಚ್ತಾರೆ. ಒಂದು ಕೈ ಕಿಟಕಿ ಅಂಚಲ್ಲಿ, ಇನ್ನೊಂದು ಕೈ ಬೆಲ್ಟ್ ಬಕಲ್ ಮೇಲೆ. ನೀರಿನ ಅಲ್ಲಾಟ ನಿಲ್ಲೋ ತನಕ ಬೆಲ್ಟ್ ಬಿಚ್ಚೋ ಹಂಗಿಲ್ಲ, ನಿಂತ ಮೇಲೆ ಕಿಟಕಿ ತಳ್ಳಿ, ಆಮೇಲೆ ಬೆಲ್ಟ್ ಬಿಚ್ಚಿ, ಕಿಟಕಿ ಅಂಚು ಹಿಡಿದ ಕೈ ಬಿಡದೆ ಆ ಕೈ ದಾರೀಲೇ ಹೊರಗೆ. ನಾನು ನೋಡಿದ್ದು ಏನಂದ್ರೆ ನಮ್ಮ ಕಡಲ ಹುಡುಗ್ರೇ ಅದ್ರಲ್ಲಿ ಮೊದಲು ಗಾಬರಿ ಆಗೋದು. ಈಜು ಬರುತ್ತೆ ಅನ್ನೋ ಧೈರ್ಯಕ್ಕೆ ಬೆಲ್ಟ್ ಮೊದ್ಲೇ ಬಿಚ್ಚಿ ಬಿಡ್ತಾರೆ, ಆಗ ದೇಹ ತೇಲಿ ಯಾವ ಕಡೆ ಮೇಲೆ ಯಾವ ಕಡೆ ಕೆಳಗೆ ಅಂತ ಗೊತ್ತಾಗಲ್ಲ, ಮೂಗಿಗೆ ನೀರು ತುಂಬಿ ಕೈ ಕಾಲು ಬಡೀತಾರೆ. ಈಜು ಬರದ ಘಟ್ಟದ ಮೇಲಿನ ಹುಡುಗ ಹೇಳಿದ್ದನ್ನ ಹೇಳಿದ ಹಂಗೆ ಮಾಡಿ ಆರಾಮಾಗಿ ಹೊರಗೆ ಬರ್ತಾನೆ. ಓಎನ್‌ಜಿಸಿಯ ಸೀ ಸರ್ವೈವಲ್ ಟ್ರೇನಿಂಗ್ ಸೆಂಟರ್ ಗೋವಾದ ಬೇತುಲ್‌ನಲ್ಲೇ ಇದೆ, 2024ರ ಫೆಬ್ರವರಿ 6ಕ್ಕೆ ಪ್ರಧಾನಿ ಉದ್ಘಾಟನೆ ಮಾಡಿದ್ರು, ಕಾಣಕೋಣ ದಾಟಿ ಹೋದ್ರೆ ಬೇತುಲ್, ಮುಂಬೈಗಿಂತ ಎಷ್ಟೋ ಹತ್ರ. ಆದ್ರೆ ಒಂದು ಮಾತು, ಕೆಲಸ ಕೈಗೆ ಸಿಗೋ ಲಕ್ಷಣ ಇಲ್ದೆ ಸಾಲ ಮಾಡಿ ಬೋಸಿಯೆಟ್ ಮಾಡಿಸ್ಬೇಡಿ. ಆ ಸರ್ಟಿಫಿಕೇಟ್ ಇದ್ರೆ ಹೆಲಿಕಾಪ್ಟರ್ ಹತ್ತೋಕೆ ಬಿಡ್ತಾರೆ ಅಷ್ಟೇ, ಕೆಲಸ ಕೊಡ್ಸೋದು ಕೈಯಲ್ಲಿರೋ ಕಸುಬು.

ಬೋಟಲ್ಲಿ ಬೆಳೆದವರಿಗೆ ಅನುಕೂಲ ಇದ್ದೇ ಇದೆ. ಹಗ್ಗ ಹೆಣೆಯೋದು, ಗಂಟು, ವಿಂಚ್ ಶಬ್ದ ಬದಲಾದ್ರೆ ಏನಾಯ್ತು ಅಂತ ಕಿವಿಗೇ ಗೊತ್ತಾಗೋದು, ಅಲೆ ಯಾವಾಗ ಎತ್ತುತ್ತೆ ಯಾವಾಗ ಇಳಿಸುತ್ತೆ ಅನ್ನೋ ಅಂದಾಜು, ಇದೆಲ್ಲಾ ಕ್ಲಾಸಲ್ಲಿ ಕಲಿಸೋಕೆ ಆಗಲ್ಲ. ಸಪ್ಲೈ ಬೋಟಿಂದ ಲೋಡ್ ಎತ್ತುವಾಗ ಕೆಳಗೆ ಡೆಕ್ ಮೇಲೆ ಸ್ಲಿಂಗ್ ಹಾಕೋನು ಮೀನುಗಾರ ಆಗಿದ್ರೆ ಕ್ರೇನಲ್ಲಿ ಕೂತ ನನಗೆ ಅವನ ಕೈಸನ್ನೆ ನೋಡೇ ಗೊತ್ತಾಗುತ್ತೆ, ಬೋಟ್ ಅಲೆ ತುದೀಲಿ ಇರೋವಾಗ ಸರಿಯಾಗಿ ಎತ್ತು ಅಂತಾನೆ. ಅದೇ ಹುಡುಗ ಇನ್ನೊಂದು ನಿಮಿಷಕ್ಕೆ ತೂಗಾಡೋ ಲೋಡ್ ಕೆಳಗೆ ನಿಂತಿರ್ತಾನೆ, ಹಗ್ಗ ಕೈಗೆ ಸುತ್ಕೊಂಡಿರ್ತಾನೆ, ಬಿಸಿಲು ಅಂತ ಗ್ಲವ್ಸ್ ತೆಗೆದಿರ್ತಾನೆ. ಬೋಟಲ್ಲಿ ಅದು ನಡೆಯುತ್ತೆ, ರಿಗ್ಗಲ್ಲಿ ಅಂಥವನನ್ನ ಮುಂದಿನ ಹೆಲಿಕಾಪ್ಟರಲ್ಲೇ ಮನೆಗೆ ಕಳಿಸ್ತಾರೆ. ಅಲ್ಲಿ ಯಾವ ಕೆಲಸಕ್ಕೂ ಮೊದಲು ಪರ್ಮಿಟ್, ಟೂಲ್‌ಬಾಕ್ಸ್ ಟಾಕ್ ಅನ್ನೋ ಚಿಕ್ಕ ಸೇಫ್ಟಿ ಮಾತುಕತೆ, ಮತ್ತೆ ಏನೋ ಸರಿ ಇಲ್ಲ ಅನ್ಸಿದ್ರೆ ಹೊಸ ರೌಸ್ಟಬೌಟ್ ಕೂಡ ಕೆಲಸ ನಿಲ್ಲಿಸ್ಬಹುದು. ಅದನ್ನ ಬಾಯಿ ಬಿಟ್ಟು ಹೇಳೋ ಅಭ್ಯಾಸ ನಮ್ಮವರಿಗೆ ಕಮ್ಮಿ, ದೊಡ್ಡವರ ಎದುರು ಹೆಂಗೆ ಹೇಳೋದು ಅಂತ ಸುಮ್ನಿರ್ತಾರೆ. ಸುಮ್ನಿರ್ಬೇಡಿ. ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ಹಿಂದಿ ಕಲೀರಿ, ಗ್ರಾಮರ್ ತಪ್ಪಿದ್ರೂ ಪರ್ವಾಗಿಲ್ಲ.

ಅಪಾಯ ಇಲ್ಲ ಅಂತ ನಾನು ಯಾರಿಗೂ ಹೇಳಲ್ಲ. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ಸಮುದ್ರ ಸುರಕ್ಷಾ ಅನ್ನೋ ಹಡಗು ಗಾಯಾಳು ಅಡಿಗೆಯವನನ್ನ ದಾಟಿಸೋಕೆ ಹತ್ರ ಬಂದು ಗ್ಯಾಸ್ ಸಾಗಿಸೋ ರೈಸರ್ ಪೈಪಿಗೆ ತಾಗಿತು, ಬೆಂಕಿ ಹತ್ತಿ ಪ್ಲಾಟ್‌ಫಾರ್ಮೇ ಹೋಯ್ತು, 22 ಜನ ತೀರಿಕೊಂಡ್ರು. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಬಡ್ಕೊಂಡು ಮೇಲೆ ಹೋಯ್ತಲ್ಲ, ಅದೇ ಗಾಳಿಗೆ ಮುಂಬೈ ಹೈಯಲ್ಲಿ ಪಿ-305 ಬಾರ್ಜಿನ ಆಂಕರ್ ಕಿತ್ತು ಮುಳುಗ್ತು. ಅದ್ರಲ್ಲಿ 261 ಜನ ಇದ್ರು, ನೌಕಾಪಡೆ ಹೆಚ್ಚಿನವರನ್ನ ಕಾಪಾಡ್ತು ಆದ್ರೂ ಎಷ್ಟೋ ಜನ ವಾಪಸ್ ಬರ್ಲಿಲ್ಲ. ಅವರೆಲ್ಲಾ ಬಹುಪಾಲು ನಿಮ್ಮ ನನ್ನ ಥರದ ಕಾಂಟ್ರಾಕ್ಟ್ ಕೆಲಸಗಾರರು, ವೆಲ್ಡರ್, ಫಿಟ್ಟರ್, ಅಡಿಗೆಯವರು. ಅದಕ್ಕೇ ಸೇರೋವಾಗ ಸಂಬಳ ಕೇಳೋ ಮೊದಲು ಇನ್ಶೂರೆನ್ಸ್ ಇದೆಯಾ, ಕಾಂಟ್ರಾಕ್ಟಲ್ಲಿ ನಾಮಿನಿ ಹೆಸರು ಬರೆದಿದಾರಾ ಅಂತ ಕೇಳಿ, ಒಂದು ಕಾಪಿ ಮನೇಲಿ ಇಟ್ಟು ಹೋಗಿ. ಗಾಳಿ ಎಚ್ಚರಿಕೆ ಬಂದಾಗ ಬಾರ್ಜ್ ಯಾವ ಬಂದರಿಗೆ ಹೋಗುತ್ತೆ ಅಂತ ಕೇಳೋದ್ರಲ್ಲಿ ಹೆದರಿಕೆ ಏನೂ ಇಲ್ಲ.

ಮೆಡಿಕಲ್‌ನಲ್ಲಿ ಬಿಪಿ, ಶುಗರ್, ತೂಕ, ಕಣ್ಣು, ಕಿವಿ ನೋಡ್ತಾರೆ. ಡ್ರಗ್ಸ್ ಮತ್ತೆ ಆಲ್ಕೋಹಾಲ್ ಟೆಸ್ಟ್ ಇದೆ, ರಿಗ್ಗಲ್ಲಿ ಒಂದು ತೊಟ್ಟೂ ಇಲ್ಲ. ಸಂಜೆ ಕುಡೀದೆ ಇರೋಕೆ ಆಗಲ್ಲ ಅನ್ನೋನು ಮೊದ್ಲು ಅದನ್ನ ನೋಡ್ಕೊಳ್ಳಿ.

ರೊಟೇಷನ್ ಕಂಪನಿ ಮೇಲೆ ಹೋಗುತ್ತೆ, 14 ದಿನ ಕೆಲಸ 14 ದಿನ ರಜಾ, ಇಲ್ಲಾ 28ಕ್ಕೆ 28, ಕಾಂಟ್ರಾಕ್ಟ್ ಹುಡುಗ್ರಿಗೆ ಮಾತ್ರ ಬರೀ ಕೆಲಸದ ದಿನದ ಲೆಕ್ಕದಲ್ಲಿ ಸಂಬಳ, ಮನೇಲಿದ್ದಾಗ ಇಲ್ಲ. ದಿನದ ರೇಟನ್ನ 30ರಿಂದ ಗುಣಿಸಿ ಮದುವೆ ಮಾತುಕತೇಲಿ ಹೇಳ್ಬೇಡಿ, ಆಮೇಲೆ ಮನೇಲಿ ಕಷ್ಟ ಆಗೋದು ಹೆಂಡತಿಗೆ.

ಈ ವರ್ಷ ಹತ್ತನೇ ಕ್ಲಾಸ್ ಅಥವಾ ಪಿಯುಸಿ ಮುಗಿಸಿ ಕೂತಿರೋರು ಐಟಿಐ ಅರ್ಜಿ ಹಾಕಿ, ಫಿಟ್ಟರ್ ಇಲ್ಲಾ ವೆಲ್ಡರ್ ಇಲ್ಲಾ ಇಲೆಕ್ಟ್ರಿಷಿಯನ್, ಯಾವುದಕ್ಕೆ ಕೈ ಹೋಗುತ್ತೋ ಅದು. ಐಟಿಐ ಆಗಿರೋರು ಒಂದೆರಡು ವರ್ಷ ಯಾವುದಾದ್ರೂ ಶಿಪ್‌ಯಾರ್ಡಲ್ಲೋ ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡೋ ಶಟ್‌ಡೌನ್ ಕೆಲಸದಲ್ಲೋ ದುಡಿದು ಅನುಭವದ ಲೆಟರ್ ತಗೊಳ್ಳಿ. ಪಾಸ್‌ಪೋರ್ಟ್ ಇವತ್ತೇ ಮಾಡ್ಸಿ. ಯಾರಿಗಾದ್ರೂ ಆಫರ್ ಲೆಟರ್ ಬಂದಿದ್ರೆ ಒಂದು ರೂಪಾಯಿ ಹಾಕೋ ಮುಂಚೆ ಫೋಟೋ ತೆಗೆದು ನನಗೆ ಕಳಿಸಿ, ಓದಿ ಅನ್ಸಿದ್ದು ಹೇಳ್ತೀನಿ, ಇದಕ್ಕೆ ಯಾರ ಹತ್ರಾನೂ ಏನೂ ತಗೊಳ್ಳಲ್ಲ. ರಿಗ್ಗಲ್ಲಿ ನೆಟ್ ಸಿಗೋದು ಪಾಳಿ ಮುಗಿದ ಮೇಲೆ, ಉತ್ತರ ಒಂದೆರಡು ದಿನ ತಡ ಆದ್ರೆ ಕಾಯಿರಿ, ಇವತ್ತು ಸಂಜೆ ಒಳಗೆ ದುಡ್ಡು ಹಾಕ್ಲಿಲ್ಲಾ ಅಂದ್ರೆ ಸೀಟು ಹೋಗುತ್ತೆ ಅಂತ ಏಜೆಂಟ್ ಎಷ್ಟೇ ಅವಸರ ಮಾಡಿದ್ರೂ ಕಾಯಿರಿ.