ಐನೂರು ರೂಪಾಯಿಯ ಕೋಡಿ

ಮಂಡ್ಯದವರಿಗೆ ಡ್ಯಾಂ ಅಂದರೆ ಕನ್ನಂಬಾಡಿ, ಅಂದರೆ ಕೆಆರ್‌ಎಸ್. ಮಳೆಗಾಲ ಬಂತು ಅಂದರೆ ಟೀ ಅಂಗಡಿಯಲ್ಲಿ ಮೊದಲ ಮಾತೇ "ಎಷ್ಟು ಅಡಿ ಬಂತು?" ತುಂಬಿದರೆ 124.80 ಅಡಿ ಅನ್ನೋದು ಸಣ್ಣ ಹುಡುಗರಿಗೂ ಬಾಯಿಪಾಠ. ಆದರೆ ನಮ್ಮೂರ ಕೆರೆ ಎಷ್ಟು ಅಡಿ ಅಂತ ಕೇಳಿ, ಯಾರಿಗೂ ಗೊತ್ತಿಲ್ಲ. 2022ರ ಅಕ್ಟೋಬರ್‌ವರೆಗೆ ನನಗೂ ಗೊತ್ತಿರಲಿಲ್ಲ.

ನಮ್ಮೂರು ನಾಗಮಂಗಲ ತಾಲ್ಲೂಕು. ವಿಶ್ವೇಶ್ವರಯ್ಯ ನಾಲೆ ನಮ್ಮೂರಿಗೆ ಹತ್ತಲ್ಲ. ಆಕಾಶ ಕೊಟ್ಟಿದ್ದನ್ನು ಕೆರೆ ಹಿಡಿದರೆ ಉಂಟು, ಇಲ್ಲದಿದ್ದರೆ ರಾಗಿ. ಮಣ್ಣಿನ ಏರಿ, ನೀರಿನ ಕಡೆ ಕಲ್ಲು ಕಟ್ಟಿದ್ದಾರೆ. ನಡುವೆ ಗದ್ದೆಗೆ ನೀರು ಬಿಡೋ ತೂಬು, ಬಲಗಡೆ ತುದಿಯಲ್ಲಿ ಹೆಚ್ಚಾದ ನೀರು ಹೊರಗೆ ಹರಿಯೋ ಕೋಡಿ. ಏರಿ ಮೇಲೆ ಬೈಕ್ ಓಡಾಡುತ್ತದೆ. ಏರಿ ಕೆಳಗೆ ಗದ್ದೆ, ಸ್ವಲ್ಪ ಕಬ್ಬು, ತೆಂಗು. ಅದರಾಚೆ ಈಚೆಗೆ ಎದ್ದ ಹೊಸ ಬೀದಿ, ಎಂಟೋ ಹತ್ತೋ ಮನೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಊರಿನವರಿಗೆ ಖುಷಿಯೋ ಖುಷಿ. ಬೇಸಿಗೆ ಬೆಳೆಗೂ ನೀರು ಉಳಿಸಿಕೊಳ್ಳೋಣ ಅಂತ ಆಗಸ್ಟ್‌ನಲ್ಲಿ ಕೋಡಿ ಮೇಲೆ ಎರಡು ಸಾಲು ಮರಳು ಮೂಟೆ ಇಟ್ಟರು. ಒಂದೂವರೆ ಅಡಿ ಎತ್ತರ. ಅದಕ್ಕೆ ಮನೆಗೆ ಇಷ್ಟು ಅಂತ ದುಡ್ಡು ಎತ್ತಿದರು. ಮೈಸೂರಲ್ಲಿ ಕೂತಿದ್ದ ನಾನು 500 ರೂಪಾಯಿ ಫೋನ್‌ಪೇ ಮಾಡಿದೆ. ಜೊತೆಗೆ "ಒಳ್ಳೆ ಕೆಲಸ" ಅಂತ ಮೆಸೇಜ್ ಬೇರೆ. ಅದು ಇನ್ನೂ ಫೋನಲ್ಲಿದೆ.

ದಸರಾ ಮುಗಿದ ಮೇಲೆ ಒಂದು ಭಾನುವಾರ ಊರಲ್ಲಿದ್ದೆ. ಬೆಳಿಗ್ಗೆ ಆರೂವರೆಗೆ ತಮ್ಮ ಗದ್ದೆಯಿಂದಲೇ ಫೋನ್ ಮಾಡಿದ. "ಅಣ್ಣ, ಏರಿ ಬುಡದಲ್ಲಿ ಊಟೆ ಎದ್ದೈತೆ, ಬಾ ಒಸಿ."

ಏರಿ ಹಿಂದೆ ನೀರು ಜಿನುಗೋದು ಹೊಸದೇನಲ್ಲ. ಕೆರೆ ತುಂಬಿದಾಗೆಲ್ಲ ಅಲ್ಲಿ ಜೌಗು. ಎಮ್ಮೆಗಳು ಹೊರಳಾಡುವ ಜಾಗ ಅದು. ಆದರೆ ಅವತ್ತು ಹುಲ್ಲಿನ ನಡುವೆ ಒಂದು ಕಡೆ ನೀರು ಗುಳುಗುಳು ಅಂತ ಕುದಿಯೋ ಹಾಗೆ ಏಳುತ್ತಿತ್ತು. ತೂತು ಮುಷ್ಟಿಯಷ್ಟು ಇರಬಹುದು. ಇರುವೆ ಗೂಡಿನ ಬಾಯಲ್ಲಿ ಮಣ್ಣು ಗುಡ್ಡೆ ಬಿದ್ದಿರುತ್ತಲ್ಲ, ಹಾಗೆ ಸುತ್ತ ಕೆಂಪು ಮಣ್ಣಿನ ಬಳೆ. ನಾನು ಒಂದು ವಿಡಿಯೋ ಮಾಡಿದೆ. ನಿಜ ಹೇಳಬೇಕಂದರೆ, ನೋಡೋಕೆ ಚೆನ್ನಾಗಿತ್ತು.

ಆಡು ಹೊಡೆದುಕೊಂಡು ಬರುತ್ತಿದ್ದ ನೀರುಗಂಟಿ ಅಜ್ಜ ನಿಂತರು. ಅವರ ಅಪ್ಪನ ಕಾಲದವರೆಗೂ ತೂಬು ಎತ್ತೋದು, ಏರಿ ನೋಡೋದು ಅವರ ಮನೆಯ ಕೆಲಸ. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಅವರಿಗೊಂದು ಪಾಲು ಭತ್ತ ಹೋಗುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಪಾಲೂ ಹೋಯಿತು, ಕೆಲಸವೂ ಹೋಯಿತು, ಹೆಸರು ಮಾತ್ರ ಉಳಿಯಿತು. ಅಜ್ಜ ನನ್ನ ಕೈಯಲ್ಲಿದ್ದ ನೀರಿನ ಬಾಟ್ಲಿ ಕಿತ್ತುಕೊಂಡು, ಇದ್ದ ನೀರು ಚೆಲ್ಲಿ, ಆ ಊಟೆ ನೀರು ತುಂಬಿಸಿ ಕಲ್ಲಿನ ಮೇಲೆ ಇಟ್ಟರು. ಬೀಡಿ ಹಚ್ಚಿದರು. ಬೀಡಿ ಮುಗಿಯೋ ಹೊತ್ತಿಗೆ ಬಾಟ್ಲಿಯ ತಳದಲ್ಲಿ ಒಂದು ಉಗುರಿನ ದಪ್ಪ ಮಣ್ಣು ಕೂತಿತ್ತು.

"ತಿಳಿನೀರು ಬಂದ್ರೆ ಕೆರೆ ಬೆವರ್ತಾ ಐತೆ ಅಂತ. ಇದು ಬೆವರಲ್ಲ ಕಣ್ಲಾ, ಏರಿನೇ ಕರಗಿ ಬತ್ತಾ ಐತೆ."

ಹೊಟ್ಟೆಯಲ್ಲಿ ಏನೋ ಕದಡಿದ ಹಾಗಾಯಿತು. ಮೇಲಿಂದ ನೀರು ಉಕ್ಕಿ ಹರಿದರೆ ಮಾತ್ರ ಏರಿ ಒಡೆಯುತ್ತೆ ಅಂದುಕೊಂಡಿದ್ದವನು ನಾನು. ಒಳಗಿನಿಂದಲೂ ಹೋಗುತ್ತೆ. ನೀರು ಒಂದು ದಾರಿ ಹುಡುಕಿಕೊಂಡು ಕಣಕಣವಾಗಿ ಮಣ್ಣು ಹೊತ್ತು ತರುತ್ತೆ. ದಾರಿ ದೊಡ್ಡದಾದಷ್ಟೂ ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟೂ ಮಣ್ಣು ಜಾಸ್ತಿ. ಕೊನೆಗೆ ಏರಿ ಕುಸಿಯೋಕೆ ದಿನಗಟ್ಟಲೆ ಬೇಕಿಲ್ಲ, ಕೆಲವು ಗಂಟೆ ಸಾಕು.

ಅಷ್ಟರಲ್ಲಿ ಹುಡುಗರು ಸೇರಿದ್ದರು. ಒಬ್ಬ ಟ್ರ್ಯಾಕ್ಟರ್‌ನಲ್ಲಿ ಜೇಡಿಮಣ್ಣು ತಂದೇಬಿಟ್ಟ. ತೂತಿಗೆ ತುರುಕಿ ಮುಚ್ಚಿಬಿಡೋಣ ಅಂತ. ನನಗೂ ಅದೇ ಸರಿ ಅನ್ನಿಸಿತ್ತು. ತೂತು ಬಿದ್ದರೆ ಮುಚ್ಚಬೇಕು, ಅಲ್ವಾ? ಅಜ್ಜ ಬಾಯಿಗೆ ಬಂದ ಹಾಗೆ ಬೈದರು. "ಬಾಯಿ ಮುಚ್ಬೇಡ್ರುಲಾ! ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಡೆ ಕಿತ್ಕೊಂಡು ಎದ್ದಾತು."

ಹುಡುಗರು ನಂಬಲಿಲ್ಲ. ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದ ನಮ್ಮ ನೆಂಟರೊಬ್ಬರಿಗೆ ವಿಡಿಯೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. ಅವರೂ ಅದನ್ನೇ ಹೇಳಿದರು: "ನೀರು ಬರಲಿ, ಮಣ್ಣು ಬರಬಾರದು." ಮೊದಲು ಮರಳು, ಅದರ ಮೇಲೆ ಸಣ್ಣ ಜೆಲ್ಲಿ, ಆಮೇಲೆ ದಪ್ಪ ಜೆಲ್ಲಿ. ಸುತ್ತ ಮೂಟೆ ಪೇರಿಸಿ ಬಾವಿ ಕಟ್ಟೆ ಥರ ಬಳೆ ಕಟ್ಟಿ. ಒಳಗೆ ನೀರು ಎದ್ದು ನಿಂತಷ್ಟೂ ಕೆಳಗಿನ ರಭಸ ತಗ್ಗುತ್ತೆ. ಹೊಸ ಬೀದಿಯವರನ್ನು ಈಗಲೇ ಎಬ್ಬಿಸಿ. ಕೆರೆ ಮಟ್ಟ ಇಳಿಸಿ, ಆದರೆ ಒಂದೇ ಸಲಕ್ಕೆ ಬೇಡ, ನೀರಿನ ಕಡೆಯ ಒದ್ದೆ ಮಣ್ಣು ಜಾರುತ್ತೆ.

ಕಾಫಿ ಫಿಲ್ಟರ್ ತಲೆಕೆಳಗಾಗಿ ಇಟ್ಟ ಹಾಗೆ ಅಂತ ತಮ್ಮನಿಗೆ ವಿವರಿಸಿದೆ. ಅವನು ಟೀ ಕುಡಿಯೋನು. ಆದರೂ ಅರ್ಥ ಆಯಿತು.

ಯಾರದೋ ಮನೆ ಕಟ್ಟಲು ತಂದು ಸುರಿದಿದ್ದ ಎಂ-ಸ್ಯಾಂಡ್, ಜೆಲ್ಲಿ ಕೇಳದೆ ತುಂಬಿಕೊಂಡರು. ಬೂಸಾ ಚೀಲ, ಗೊಬ್ಬರದ ಚೀಲ, ಸಿಕ್ಕಿದ್ದೆಲ್ಲ ಮೂಟೆ ಆಯಿತು. ಹೆಂಗಸರು ಹೊಸ ಬೀದಿಯ ಮಕ್ಕಳನ್ನೂ ದನಗಳನ್ನೂ ದೇವಸ್ಥಾನದ ದಿಬ್ಬಕ್ಕೆ ಸಾಗಿಸಿದರು. ಇನ್ನು ತೂಬು. ಅದರ ಚಕ್ರ ತಿರುಗಿಸೋಕೆ ನಾಲ್ಕು ಜನ ಹಾರೆ ಹಾಕಿ ಜೋತುಬಿದ್ದರು. ಅಲ್ಲಾಡಲಿಲ್ಲ. ತುಕ್ಕು ಹಿಡಿದು ರಾಡ್ ಮತ್ತು ಚಕ್ರ ಒಂದಾಗಿದ್ದವು. ಕೊನೆಯ ಸಲ ಎತ್ತಿದ್ದು ಯಾವಾಗ ಅಂದರೆ ಒಬ್ಬೊಬ್ಬರು ಒಂದೊಂದು ವರ್ಷ ಹೇಳಿದರು.

ಉಳಿದಿದ್ದು ಕೋಡಿ. ಅಲ್ಲಿ ಹೋಗಿ ನೋಡಿದರೆ ನಮ್ಮ ಎರಡು ಸಾಲು ಮೂಟೆ, ಅದರ ಮುಂದೆ ಮೀನು ತಪ್ಪಿಸಿಕೊಳ್ಳದ ಹಾಗೆ ಗುತ್ತಿಗೆಯವರು ಕಟ್ಟಿದ್ದ ಬಲೆ, ಬಲೆ ತುಂಬ ಅಂತರಗಂಗೆ. ಹರಿಯಬೇಕಾದ ನೀರು ಅಲ್ಲಿ ಸುಮ್ನೆ ನಿಂತಿತ್ತು. ಬಲೆ ಕೊಯ್ದರು. ಮೂಟೆಗೆ ಕೈ ಹಾಕುವಾಗ ಒಬ್ಬರು ಅಡ್ಡ ನಿಂತರು. ಕೋಡಿ ಹಳ್ಳವನ್ನೇ ಒತ್ತಿ ಭತ್ತ ನಾಟಿ ಮಾಡಿದ್ದವರು. ತೆನೆ ಕಟ್ಟಿತ್ತು. "ನನ್ನ ಹೊಟ್ಟೆ ಮೇಲೆ ಹರಿಸ್ತೀರಾ?" ಅಂದರು. ಹಳ್ಳ ಅವರದಲ್ಲ, ನಿಜ. ಆದರೆ ಆ ಭತ್ತ ನೋಡಿದರೆ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಕೊನೆಗೆ ಅವರ ಹೆಂಡತಿಯೇ ಬಂದು "ಮಕ್ಳು ದಿಬ್ಬದ ಮೇಲೆ ಕುಂತವೆ, ಬುಡು" ಅಂದರು. ಅವರು ಪಕ್ಕಕ್ಕೆ ಸರಿದರು. ಗದ್ದೆ ಮುಳುಗಿತು.

ಒಂದೊಂದೇ ಮೂಟೆ ತೆಗೆದೆವು. ನಾನೂ ತೆಗೆದೆ. ಒದ್ದೆ ಮೂಟೆಯ ಭಾರ ಎಷ್ಟಿರುತ್ತೆ ಅಂತ ಅವತ್ತು ಗೊತ್ತಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಅಜ್ಜ ಮತ್ತೆ ಬಾಟ್ಲಿ ತುಂಬಿಸಿದರು. ತಳದಲ್ಲಿ ಗೆರೆಯಷ್ಟು ಮಣ್ಣು. ಸಂಜೆ ತುಂಬಿಸಿದ್ದು ತಿಳಿಯಾಗಿತ್ತು. ಅಜ್ಜ ಅದನ್ನು ಕುಡಿದೇ ತೋರಿಸಿದರು, ಹುಡುಗರು ಶಿಳ್ಳೆ ಹೊಡೆದರು.

ಮುಂದಿನ ವರ್ಷ ಬರ. ಕೆರೆ ಒಣಗಿ ನೆಲ ಬಿರುಕು ಬಿಟ್ಟಿತ್ತು. ಜೆಸಿಬಿ ತಂದು ಆ ಜಾಗ ಅಗೆದರು. ಕಾರಣ ಒಂದು ಬೇರು. ಏರಿ ಮೇಲೆ ಬೆಳೆದಿದ್ದ ಜಾಲಿಯನ್ನು ಕೆಲವು ವರ್ಷ ಹಿಂದೆ ಬುಡದ ಮಟ್ಟಕ್ಕೆ ಕಡಿದು, ಬೊಡ್ಡೆ ಹಾಗೇ ಬಿಟ್ಟಿದ್ದರು. ಒಳಗೆ ಬೇರು ಕೊಳೆತು ಪೈಪಿನ ಹಾಗೆ ಟೊಳ್ಳಾಗಿತ್ತು. ಅದರ ಬಾಯಿ ಇದ್ದದ್ದು ಹಳೆಯ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ನಾವು ಒಂದೂವರೆ ಅಡಿ ಏರಿಸಿದ್ದಕ್ಕೆ ನೀರಿಗೆ ಅದು ಸಿಕ್ಕಿತು. ಟೊಳ್ಳಿನಲ್ಲಿ ಎರಡು ಏಡಿ ಕೂಡ ಇದ್ದವು. 2019ರಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಜನ ಸತ್ತಾಗ, ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದ್ದರು. ಆಗ ಎಲ್ಲರ ಜೊತೆ ನಾನೂ ನಕ್ಕಿದ್ದೆ. ಏಡಿ ಮಣ್ಣು ಕೊರೆಯೋದು ಸುಳ್ಳಲ್ಲ. ಆದರೆ ಕೋಡಿಗೆ ಮೂಟೆ ಇಡೋಕೆ ಅದು ದುಡ್ಡು ಎತ್ತಲ್ಲವಲ್ಲ.

ಬೊಡ್ಡೆ ಕಿತ್ತು, ಮಣ್ಣು ತುಂಬಿ, ನೀರು ಹಾಕಿ ದಿಮ್ಮಿಸಿದರು. ಎರಡು ಮಾರು ಆಚೆ ಒಂದು ಹುತ್ತ ಇದೆ. ಗೆದ್ದಲು ಒಳಗೆ ಎಷ್ಟು ದೂರ ಸುರಂಗ ತೋಡಿದೆಯೋ. ಷಷ್ಠಿಗೆ ಊರೆಲ್ಲ ಅದಕ್ಕೆ ಹಾಲೆರೆಯುತ್ತಾರೆ. ನಮ್ಮಮ್ಮನೂ. ಅದನ್ನು ಮುಟ್ಟೋ ಮಾತು ಎತ್ತೋ ಧೈರ್ಯ ನನಗಿಲ್ಲ.

2021ರಲ್ಲಿ ಅಣೆಕಟ್ಟು ಸುರಕ್ಷತೆಗೆ ಅಂತ ದೇಶಕ್ಕೊಂದು ಕಾಯ್ದೆ ಬಂತು. ಅದು 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳ ಮೇಲೆ 10 ಮೀಟರ್ ದಾಟಿದವಕ್ಕೆ. ಊಟೆ ಎದ್ದ ದಿನ ಟೇಪ್ ಹಿಡಿದು ಅಳೆದೆವು. ನಮ್ಮ ಏರಿ 20 ಅಡಿ, ಅಂದರೆ 6 ಮೀಟರ್ ಚಿಲ್ಲರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಮಾರನೇ ದಿನ ತಮ್ಮ ಫೋನ್ ಮಾಡಿದ. "ಅಣ್ಣ, ಕೆಆರ್‌ಎಸ್ ಗೇಟು ಗಟ್ಟಿ ಐತಾ?" ಅಂತ. ನಮ್ಮ ತೂಬಿಗೆ ಗ್ರೀಸ್ ಹಚ್ಚಿದ್ರಾ ಅಂತ ಕೇಳಿದೆ. ಹಚ್ಚಿದೀವಿ, ಚಕ್ರ ಈಗ ಒಂದೇ ಕೈಲಿ ತಿರುಗ್ತದೆ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋಡಿ ಕೆಲಸಕ್ಕೆ ಅಂತ ಮತ್ತೆ ಐನೂರು ಎತ್ತುತ್ತಾ ಅವ್ರೆ ಅಂದ.

"ಕೋಡಿಗೆ ಏನು ಕೆಲಸ?"

"ಒಂದೇ ಸಾಲು ಅಣ್ಣ. ಜಾಸ್ತಿ ಇಲ್ಲ."