ಸ್ಕ್ರೂ ತಿರುಗಿಸುವ ಮೊದಲು ಬೆಲ್ಟ್ ಕೂರಲಿ: ಸ್ನೋಮೊಬೈಲ್ ಕ್ಲಚ್ ಕೆಲಸದಲ್ಲಿ ಕಲಿತದ್ದು

ಸರ್ವಿಸ್‌ಗೆ ಬರುವ ಸ್ನೋಮೊಬೈಲ್‌ಗಳಲ್ಲಿ (ಹಿಮದ ಮೇಲೆ ಓಡುವ ಗಾಡಿಗಳು) ಎರಡು ದೂರು ಪದೇ ಪದೇ ಕೇಳುತ್ತೇನೆ. ಒಂದು, "ಥ್ರಾಟಲ್ ಮುಟ್ಟದೇ ಇದ್ರೂ ಗಾಡಿ ತಾನಾಗೇ ಮುಂದೆ ತೆವಳುತ್ತೆ." ಇನ್ನೊಂದು, "ಎಂಜಿನ್ ಕೂಗುತ್ತೆ, ಗಾಡಿ ಹೊರಡಲ್ಲ. ಆಮೇಲೆ ಒಂದೇ ಸಲ ಎಗರುತ್ತೆ." ಕೇಳೋಕೆ ಎರಡೂ ಬೇರೆ ಬೇರೆ ಕಾಯಿಲೆ. ಆದರೆ ಹೆಚ್ಚಿನ ಸಲ ಎರಡರ ಬೇರೂ ಒಂದೇ ಕಡೆ ಇರುತ್ತದೆ, ಬೆಲ್ಟಿನ ಅಂತರದಲ್ಲಿ. ಮೊದಲನೆಯದರಲ್ಲಿ ಬೆಲ್ಟ್ ಬಿಗಿ, ಎರಡನೆಯದರಲ್ಲಿ ಸಡಿಲ.

ಈ ಗಾಡಿಯಲ್ಲಿ ಗೇರ್ ಬದಲಾಯಿಸುವ ಕೆಲಸ ಇಲ್ಲ. ಎಂಜಿನ್ ಕ್ರ್ಯಾಂಕಿನ ಮೇಲೆ ಪ್ರೈಮರಿ ಕ್ಲಚ್, ಟ್ರ್ಯಾಕ್ (ಗಾಡಿಯನ್ನು ಮುಂದೆ ತಳ್ಳುವ ಅಗಲ ಪಟ್ಟೆ) ಕಡೆಗೆ ಸೆಕೆಂಡರಿ ಕ್ಲಚ್, ನಡುವೆ ಒಂದು ರಬ್ಬರ್ ಬೆಲ್ಟ್. ಎಂಜಿನ್ ಐಡಲ್‌ನಲ್ಲಿದ್ದಾಗ ಪ್ರೈಮರಿಯ ಎರಡು ತಟ್ಟೆಗಳನ್ನು ಸ್ಪ್ರಿಂಗ್ ದೂರ ಹಿಡಿದಿರುತ್ತದೆ. ವೇಗ ಏರಿದಾಗ ಒಳಗಿನ ತೂಕಗಳು ಹೊರಕ್ಕೆ ಚಿಮ್ಮಿ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಆಗ ಬೆಲ್ಟಿಗೆ ಹಿಡಿತ ಸಿಗುತ್ತದೆ. ಅಂದರೆ ಐಡಲ್‌ನಲ್ಲಿ ಪ್ರೈಮರಿಯ ತಟ್ಟೆಗೂ ಬೆಲ್ಟಿನ ಬದಿಗೂ ನಡುವೆ ಸ್ವಲ್ಪ ಜಾಗ ಇರಲೇಬೇಕು.

ಇಲ್ಲೇ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ. ಜಾಗ ಬೇಕಾಗಿರುವುದು ಪ್ರೈಮರಿಯಲ್ಲಿ. ಆದರೆ ನಾವು ಅಳೆಯುವುದು, ತಟ್ಟೆಗಳ ಅಂತರ ಹೊಂದಿಸುವ ಸ್ಕ್ರೂ (ಅಡ್ಜಸ್ಟರ್) ತಿರುಗಿಸುವುದು ಎಲ್ಲ ಸೆಕೆಂಡರಿಯಲ್ಲಿ. ಸೆಕೆಂಡರಿಯ ತಟ್ಟೆಗಳು ಹತ್ತಿರ ಬಂದಷ್ಟೂ ಬೆಲ್ಟ್ ಅಲ್ಲಿ ಮೇಲಕ್ಕೆ ಏರುತ್ತದೆ. ಬೆಲ್ಟಿನ ಉದ್ದ ಅಷ್ಟೇ ತಾನೇ? ಅಲ್ಲಿ ದೊಡ್ಡ ಸುತ್ತು ಸುತ್ತಿದರೆ ಪ್ರೈಮರಿ ಕಡೆ ಎಳೆತ ಜಾಸ್ತಿಯಾಗುತ್ತದೆ. ಬೆಲ್ಟ್ ಶಾಫ್ಟಿಗೆ ಅಂಟಿಕೊಂಡು ಉಜ್ಜುತ್ತದೆ, ಗಾಡಿ ತೆವಳುತ್ತದೆ, ರಿವರ್ಸ್ ಗೇರ್ ಹಾಕಲು ಕಷ್ಟವಾಗುತ್ತದೆ. ತಟ್ಟೆಗಳು ದೂರ ಸರಿದರೆ ಬೆಲ್ಟ್ ಒಳಕ್ಕೆ ಇಳಿದು ಸಡಿಲವಾಗುತ್ತದೆ. ಆಗ ಗಾಡಿ ಅತಿ ಕಡಿಮೆ ಗೇರ್ ಬಿಟ್ಟು ಸ್ವಲ್ಪ ಮೇಲಿನ ಗೇರಿನಲ್ಲಿ ಹೊರಟ ಹಾಗೆ ಒದ್ದಾಡುತ್ತದೆ.

ಬೆಲ್ಟ್ ಸವೆದಾಗಲೂ ಇದೇ ಆಗುತ್ತದೆ. ಅಗಲ ಕಡಿಮೆಯಾಗಿ ಸೆಕೆಂಡರಿಯಲ್ಲಿ ಆಳಕ್ಕೆ ಕೂರುತ್ತದೆ. ಅದಕ್ಕೇ ನಾನು ಮೊದಲು ಕ್ಯಾಲಿಪರ್ ಹಿಡಿದು ಬೆಲ್ಟಿನ ಅಗಲ ನೋಡುತ್ತೇನೆ. ಮ್ಯಾನುವಲ್ ಕೊಟ್ಟ ಮಿತಿಗಿಂತ ಸವೆದಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ, ಬೆಲ್ಟ್ ಬದಲಾಯಿಸಬೇಕು ಅಷ್ಟೇ. ಒಂದೇ ಜಾಗದಲ್ಲಿ ಸುಟ್ಟು ತಗ್ಗು ಬಿದ್ದಿದ್ದರೆ ಟ್ರ್ಯಾಕ್ ಹಿಮಕ್ಕೆ ಅಂಟಿಕೊಂಡಿದ್ದಾಗ ಯಾರೋ ಥ್ರಾಟಲ್ ಒತ್ತಿದ್ದಾರೆ ಅಂತ ಅರ್ಥ. ಅಂಚಿನ ದಾರ ಬಿಚ್ಚಿಕೊಂಡಿದ್ದರೆ ಎರಡು ಕ್ಲಚ್‌ಗಳ ಜೋಡಣೆ ನೇರ ಇದೆಯೇ ಅಂತ ನೇರ ಅಂಚಿನ ಲೋಹದ ಪಟ್ಟಿ ಇಟ್ಟು ನೋಡಬೇಕು. ಐಡಲ್ ಜಾಸ್ತಿ ಇಟ್ಟಿದ್ದರೂ ಗಾಡಿ ತೆವಳುತ್ತದೆ, ಅದನ್ನೂ ಮರೆಯಬಾರದು. ಇವೆಲ್ಲ ನೋಡಿದ ಮೇಲಷ್ಟೇ ಅಡ್ಜಸ್ಟರ್.

ಈಗ ಈ ಪೋಸ್ಟ್ ಬರೆಯಲು ಕಾರಣವಾದ ವಿಷಯ. ಬೆಲ್ಟ್ ಹಾಕಲು ಸೆಕೆಂಡರಿಯನ್ನು ಟೂಲಿನಿಂದ ಅಗಲಿಸಿರುತ್ತೇವೆ. ಟೂಲ್ ತೆಗೆದ ಕೂಡಲೇ ತಟ್ಟೆಗಳು ಮುಚ್ಚಿಕೊಳ್ಳುತ್ತವೆ ನಿಜ, ಆದರೆ ಬೆಲ್ಟ್ ಪೂರ್ತಿ ಮೇಲಕ್ಕೆ ಬಂದಿರುವುದಿಲ್ಲ. ಒಂದು ಕಡೆ ಅಂಚಿಗೆ ಸಮ, ಇನ್ನೊಂದು ಕಡೆ ಒಳಗೆ ಹೂತುಕೊಂಡಿರುತ್ತದೆ. ಆಗಲೇ ಅಳೆದರೆ ಬೆಲ್ಟ್ ಸಡಿಲ ಅಂತ ಕಾಣುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತೇವೆ. ಗಾಡಿ ಓಡಲು ಶುರುವಾದ ಮೇಲೆ ಬೆಲ್ಟ್ ಮೇಲಕ್ಕೆ ಬರುತ್ತದೆ, ಬೇಕಾದ್ದಕ್ಕಿಂತ ಬಿಗಿಯಾಗುತ್ತದೆ.

ಹಾಗಾಗಿ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಕೀ ತೆಗೆದು, ಟೆದರ್ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ದಾರ) ಕಳಚಿ, ಸೆಕೆಂಡರಿಯನ್ನು ಕೈಯಿಂದ ನಿಧಾನವಾಗಿ ಸುತ್ತಿಸುತ್ತೇನೆ. ತಟ್ಟೆಗಳ ನಡುವೆ ಬೆರಳು ಸಿಕ್ಕಿಕೊಳ್ಳದಂತೆ ಹೊರ ಅಂಚನ್ನಷ್ಟೇ ಹಿಡಿಯುತ್ತೇನೆ. ಸುತ್ತುತ್ತಾ ಹೋದ ಹಾಗೆ ಬೆಲ್ಟ್ ಏರುವುದು ಕಣ್ಣಿಗೇ ಕಾಣುತ್ತದೆ. ಮೊದಲು ತಟ್ಟೆಯ ಅಂಚಿನ ಕೆಳಗೆ ಒಂದು ತೆಳು ನೆರಳಿನ ಗೆರೆ ಇರುತ್ತದೆ. ಆ ಗೆರೆ ಕಿರಿದಾಗುತ್ತಾ ಬಂದು, ಒಂದು ಹಂತದಲ್ಲಿ ಸುತ್ತಿಸಿದರೂ ಬೆಲ್ಟ್ ಮೇಲೇರುವುದು ನಿಲ್ಲುತ್ತದೆ. ಅಲ್ಲಿಗೆ ಬೆಲ್ಟ್ ಕೂತಿತು. ಬೆರಳನ್ನು ಅಂಚಿನ ಮೇಲೆ ಅಡ್ಡ ಆಡಿಸಿದರೆ ಬೆಲ್ಟ್ ಸಮ ಇದೆಯೋ, ಕೂದಲೆಳೆಯಷ್ಟು ಮೇಲಿದೆಯೋ ಗೊತ್ತಾಗುತ್ತದೆ. ಹಲವು ಮಾಡೆಲ್‌ಗಳಲ್ಲಿ ಅಂಚಿಗೆ ಸಮವಾಗಿ ಅಥವಾ ಸುಮಾರು 1.5 ಮಿಲಿಮೀಟರ್ ಮೇಲಕ್ಕೆ ಇದ್ದರೆ ಸರಿ. ಹಳೆಯ ಗಾಡಿಗಳಲ್ಲಿ ಬೆಲ್ಟನ್ನು ನಡುವೆ ಒತ್ತಿ ಎಷ್ಟು ಬಗ್ಗುತ್ತದೆ ಅಂತ ಅಳೆಯುವ ಪದ್ಧತಿ ಇದೆ, ಸಾಮಾನ್ಯವಾಗಿ 32 ಮಿಲಿಮೀಟರ್ ಆಸುಪಾಸು. ಯಾವುದೇ ಆದರೂ ಆ ಮಾಡೆಲ್ಲಿನ ಮ್ಯಾನುವಲ್ ಹೇಳಿದ್ದೇ ಅಂತಿಮ.

ಅಡ್ಜಸ್ಟ್ ಮಾಡುವ ರೀತಿ ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ಲಾಕ್ ನಟ್ ಇರುವ ಸ್ಕ್ರೂ, ಕೆಲವದರಲ್ಲಿ ತಟ್ಟೆಗಳ ನಡುವೆ ಶಿಮ್ (ತೆಳು ಲೋಹದ ಬಿಲ್ಲೆ). ಸ್ಕ್ರೂ ಇದ್ದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಪ್ರತಿ ಸಲವೂ ಮತ್ತೆ ಸುತ್ತಿಸಿ, ಬೆಲ್ಟ್ ಕೂರಿಸಿ, ಆಮೇಲೆ ನೋಡಿ. ಬೇಜಾರಿನ ಕೆಲಸ ಅನಿಸಬಹುದು. ನನಗಂತೂ ಇಡೀ ಕ್ಲಚ್ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು, ಕೈಗೂ ಕಣ್ಣಿಗೂ ಒಟ್ಟಿಗೆ ಉತ್ತರ ಸಿಗುತ್ತದೆ.

ಕೊನೆಯ ಪರೀಕ್ಷೆ ಎಂಜಿನ್ ಚಾಲೂ ಮಾಡಿ. ಬೆಲ್ಟಿನ ಮೇಲಿನ ಗಾರ್ಡ್ ಮುಚ್ಚಿರಬೇಕು, ಟ್ರ್ಯಾಕಿನ ಹಿಂದೆ ಯಾರೂ ನಿಲ್ಲಬಾರದು. ಬೆಲ್ಟ್ ಹರಿದರೆ ಅದರ ಚೂರುಗಳು ಎಂಥ ವೇಗದಲ್ಲಿ ಬರುತ್ತವೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐಡಲ್‌ನಲ್ಲಿ ಬ್ರೇಕ್ ಹಿಡಿದು ಬಿಟ್ಟು ನೋಡಿ. ಎತ್ತಿಟ್ಟ ಟ್ರ್ಯಾಕ್ ಸುಮ್ನೆ ಸ್ವಲ್ಪ ಅಲುಗಿದರೆ ಚಿಂತೆ ಇಲ್ಲ. ಬ್ರೇಕ್ ಬಿಟ್ಟ ಕೂಡಲೇ ಜೋರಾಗಿ ಎಳೆದುಕೊಂಡು ಹೋದರೆ ಇನ್ನೂ ಬಿಗಿ ಇದೆ.

ಹೊಸ ಬೆಲ್ಟನ್ನು ಮೊದಲ 50 ಕಿಲೋಮೀಟರ್‌ನಷ್ಟು ಮೆತ್ತಗೆ ಓಡಿಸಿ ಅಂತ ಗ್ರಾಹಕರಿಗೆ ಹೇಳುತ್ತೇನೆ. ಆಮೇಲೆ ಮತ್ತೊಮ್ಮೆ ಅಳತೆ ನೋಡಬೇಕು, ಬೆಲ್ಟ್ ಪಳಗಿದ ಮೇಲೆ ಸ್ವಲ್ಪ ಇಳಿದಿರುತ್ತದೆ. ಸ್ಪೇರ್ ಬೆಲ್ಟ್ ಇದ್ದರೆ ಅದನ್ನೂ ಶೆಡ್ಡಿನಲ್ಲೇ ಒಮ್ಮೆ ಹಾಕಿ, ಎಲ್ಲಿ ಕೂರುತ್ತದೆ ಅಂತ ನೋಡಿ ಚೀಟಿ ಅಂಟಿಸಿಡುತ್ತೇನೆ. ಒಂದೇ ಪಾರ್ಟ್ ನಂಬರಿನ ಎರಡು ಬೆಲ್ಟ್ ಒಂದೇ ಎತ್ತರದಲ್ಲಿ ಕೂರುತ್ತವೆ ಅಂತ ಹೇಳಲಾಗದು.