ಮಾಳಿಗೆ ಮನೆಯೊಳಗೆ ಟಾಯ್ಲೆಟ್ ಎಲ್ಲಿ ಕೂರಿಸುವುದು?

ಮಣ್ಣಿನ ಸೂರಿನ ಹಳೇ ಮಾಳಿಗೆ ಮನೆ ರಿಪೇರಿ ಮಾಡಿಸಬೇಕು ಅಂತ ಯಾರೇ ಬಂದರೂ ಮಾತು ಕಂಬ, ಕಂಬದ ತಲೆಯ ಬೋದಿಗೆ, ಕೆತ್ತನೆ ಬಾಗಿಲಿನಿಂದ ಶುರುವಾಗುತ್ತದೆ. ಕಾಫಿ ಕುಡಿದಾದ ಮೇಲೆ ಅಸಲು ವಿಷಯ ಹೊರಗೆ ಬರುತ್ತದೆ. ಒಳಗೊಂದು ಟಾಯ್ಲೆಟ್ ಬೇಕು. ಅಮ್ಮನಿಗೆ ರಾತ್ರಿ ಹೊತ್ತು ಹಿತ್ತಿಲಿಗೆ ಹೋಗಲು ಆಗುವುದಿಲ್ಲ. ಬೆಂಗಳೂರಿಂದ ಬಂದ ಮೊಮ್ಮಕ್ಕಳು ಅದೊಂದೇ ಕಾರಣಕ್ಕೆ ಬೇಗ ಹೊರಟುಬಿಡುತ್ತಾರೆ.

ನಾನು ಚಿತ್ರದುರ್ಗದಲ್ಲಿ ಸಿವಿಲ್ ಕೆಲಸ ಮಾಡಿಸುವವನು. ಹೊಸ ಮನೆಗಳ ಕೆಲಸವೇ ಜಾಸ್ತಿ. ನಡುನಡುವೆ ಕೋಟೆ ಕೆಳಗಿನ ಹಳೇ ಊರಿನ ಮನೆಗಳೂ ಬರುತ್ತವೆ. ಅಲ್ಲಿ ಗೊತ್ತಾಗಿದ್ದು ಇಷ್ಟು. ಮನೆಯ ಅಂದ ಕೆಡುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಮನೆ ಹಾಳಾಗುವುದು ಅಂದ ಕೆಟ್ಟಿದ್ದರಿಂದಲ್ಲ, ನೀರಿನಿಂದ. ಒಳಗೆ ಎಲ್ಲಿ ನೀರು ತಂದಿರಿ, ಬಂದ ತೇವ ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕು. ಉಳಿದದ್ದು ಆಮೇಲೆ.

ಅದಕ್ಕೂ ಮುಂಚೆ ಕಾಗದದ ಮಾತು. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಕೆಡವಿ ಮತ್ತೆ ಕಟ್ಟುವುದು ಈ ರಿಪೇರಿ ಲೆಕ್ಕಕ್ಕೆ ಬರುವುದಿಲ್ಲ. 'ಒಳಗಿನ ಕೆಲಸ ತಾನೇ, ಯಾರಿಗೆ ಗೊತ್ತಾಗುತ್ತೆ' ಅಂತ ಹೇಳುವವರೇ ಜಾಸ್ತಿ. ಮರಳಿನ ಲಾರಿ ಬೀದಿಯಲ್ಲಿ ನಿಂತ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ ಬಿಡಿ.

ಇಲ್ಲಿ ಹೇಳುತ್ತಿರುವ ಮನೆ ಆ 300 ಮೀಟರಿನ ಆಚೆ ಇತ್ತು. ಅಂದರೆ ಅದರ ಒಳಗನ್ನು ಕಾಯಲು ಯಾವ ಕಾನೂನೂ ಇರಲಿಲ್ಲ. ಆ ಮನೆಯ ಮಗಳು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ಸರ್ಕಾರದ ರಕ್ಷಣಾ ಪಟ್ಟಿಗೆ ಸೇರಿದ ಹಳೇ ಕಟ್ಟಡವಾದರೆ ಒಳಗಿನ ಗೋಡೆ, ಮೆಟ್ಟಿಲು, ಬಾಗಿಲಿಗೂ ರಕ್ಷಣೆ ಇದೆ. ಕಟ್ಟಡದ ಗುಣಕ್ಕೆ ಧಕ್ಕೆ ತರುವ ಬದಲಾವಣೆಯನ್ನು ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಅವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, 'ನಮ್ಮ ಮನೆಗೆ ಒಪ್ಪಿಗೆ ಯಾರು ಕೊಡ್ತಾರೆ?' 'ನಿಮ್ಮಮ್ಮನೇ ಕೊಡಬೇಕು ಮೇಡಂ' ಅಂದೆ. ತಮಾಷೆಗೆ ಹೇಳಿದ್ದಲ್ಲ.

ಅದು ನಮ್ಮ ಕಡೆಯ ಮಾಳಿಗೆ ಮನೆ. ಎರಡು ಅಡಿ ದಪ್ಪದ ಕಲ್ಲು ಗೋಡೆ, ನಡುವೆ ಮಣ್ಣಿನ ಗಾರೆ. ಮರದ ಕಂಬ, ಮೇಲೆ ಬೋದಿಗೆ, ತೊಲೆ, ತೊಲೆ ಮೇಲೆ ಅಡ್ಡಲಾಗಿ ಸಾಲು ಜಂತೆ. ಅದರ ಮೇಲೆ ಕಡ್ಡಿ ಸೊಪ್ಪಿನ ಹಾಸು, ಮಣ್ಣು, ಕೊನೆಗೆ ನೀರು ಇಳಿಯದಂತೆ ಚೌಳು ಮಣ್ಣು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮುಂಬಾಗಿಲು ದಾಟಿದರೆ ಒಂದು ಕಡೆ ದನ ಕಟ್ಟುವ ಜಾಗ, ಮೇವು ಹಾಕುವ ಗೋದಲಿ. ಅದರಿಂದ ಒಂದೂವರೆ ಅಡಿ ಎತ್ತರಕ್ಕೆ ಪಡಸಾಲೆ, ನಡುಮನೆ. ಹಿಂದೆ ಅಡುಗೆಮನೆ.

ಮನೆಯವರು ಟಾಯ್ಲೆಟ್ ಕೇಳಿದ್ದು ಹಿಂದುಗಡೆ, ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ. ಕಾರಣ ಸರಳ. ಬಂದವರಿಗೆ ಕಾಣಬಾರದು. ಆದರೆ ಒಳಚರಂಡಿ ಇರುವುದು ಮುಂದಿನ ಬೀದಿಯಲ್ಲಿ. ಅಲ್ಲಿಗೆ ಸುಮಾರು 60 ಅಡಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟರೆ ಕೊನೆಯಲ್ಲಿ ಒಂದೂವರೆ ಅಡಿ ಇಳಿಯಬೇಕು. ಅಂದರೆ ಇಡೀ ಮನೆಯ ಕಲ್ಲು ಚಪ್ಪಡಿ ಎಬ್ಬಿಸಿ, ಎರಡು ಗೋಡೆಯ ಅಡಿಯಲ್ಲಿ ತೂತು ಕೊರೆದು, ಕಂಬದ ಬುಡದ ಪಕ್ಕದಲ್ಲೇ ಕಾಲುವೆ ತೋಡಬೇಕು. ಮುಂದೆ ಯಾವತ್ತಾದರೂ ಪೈಪ್ ಕಟ್ಟಿಕೊಂಡರೆ ನಡುಮನೆ ಮತ್ತೆ ಅಗೆಯಬೇಕು. ಪೈಪ್ ಸೋರಿದರಂತೂ ಗೊತ್ತಾಗುವಷ್ಟರಲ್ಲಿ ಕಂಬದ ಕೆಳಗಿನ ಮಣ್ಣು ಮೆತ್ತಗಾಗಿರುತ್ತದೆ.

ದನ ಕಟ್ಟುವ ಜಾಗ ನೋಡಿ. ನೆಲ ಆಗಲೇ ತಗ್ಗಿನಲ್ಲಿದೆ. ಗಂಜಲ ಹರಿದುಹೋಗಲೆಂದು ಬೀದಿ ಕಡೆಗೆ ಇಳಿಜಾರು, ಗೋಡೆಯಲ್ಲಿ ಕಿಂಡಿ ಎರಡೂ ಇವೆ. ಬೀದಿಗೆ 12 ಅಡಿ. ನಾಲ್ಕು ಇಂಚು ಇಳಿದರೆ ಸಾಕು. ಕಟ್ಟಿದವರು ಮನೆಯೊಳಗೆ ನೀರು ಎಲ್ಲಿರಬೇಕು ಅನ್ನುವುದನ್ನು ಆಗಲೇ ತೀರ್ಮಾನ ಮಾಡಿಟ್ಟಿದ್ದಾರೆ. ಅದನ್ನು ಬಿಟ್ಟು ಬೇರೆ ಕಡೆ ಹೋಗಲು ನನಗೆ ಕಾರಣ ಕಾಣಲಿಲ್ಲ.

ಆ ಮಗಳ ಅಮ್ಮ, ಅಂದರೆ ಮನೆಯ ಅಜ್ಜಿ, ಒಪ್ಪಲಿಲ್ಲ. 'ದನ ಕಟ್ಟೋ ಜಾಗದಾಗೆ ನಾನು ಕೂರಬೇಕೇನಪ್ಪ?' ಅಂದರು. ಮಗ ವಾಸ್ತು ತೆಗೆದರು. ಮುಂಬಾಗಿಲ ಪಕ್ಕ ಟಾಯ್ಲೆಟ್ ಇದ್ದರೆ ಹೇಗೆ, ಬೀಗರು ಬಂದರೆ ಏನಂದುಕೊಳ್ಳುತ್ತಾರೆ. ಇದು ಸಣ್ಣ ಮಾತಲ್ಲ, ತಳ್ಳಿಹಾಕುವ ಮಾತೂ ಅಲ್ಲ. ದಿನಾ ಅಲ್ಲಿ ಬಾಳುವವರು ಅವರು. ನಾನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿಸಿದೆ. ಬಾಗಿಲು ಪಡಸಾಲೆ ಕಡೆಗೆ ತಿರುಗಿರುತ್ತದೆ, ಬೀದಿ ಬಾಗಿಲಿಂದ ಬರೀ ಹಲಗೆ ಗೋಡೆ ಕಾಣುತ್ತದೆ ಅಂತ ತೋರಿಸಿದೆ. ಅಜ್ಜಿ ಮಂಚದಿಂದ ಎದ್ದು ಅಲ್ಲಿವರೆಗೆ ನಡೆದು ನೋಡಿದರು. ಹಿಂದಿನ ಕತ್ತಲೆ ಕೋಣೆಗಿಂತ ಹತ್ತಿರ. 'ಗೋದಲಿ ಮಾತ್ರ ತೆಗೀಬೇಡ' ಅಂದರು. ತೆಗೆಯಲಿಲ್ಲ. ಈಗ ಅದರಲ್ಲಿ ಟವೆಲು, ಬಕೆಟ್ಟು ಇವೆ.

ಒಂದೂವರೆ ಅಡಿ ಇಳಿಯುವುದು ಅಜ್ಜಿಗೆ ಕಷ್ಟ. ಅದಕ್ಕೆ ಮರದ ಮೂರು ಮೆಟ್ಟಿಲು, ಎರಡೂ ಕಡೆ ಹಿಡಿಕೆ. ಯಾವುದನ್ನೂ ಕಲ್ಲಿಗೆ ಮೊಳೆ ಹೊಡೆದು ಕೂರಿಸಿಲ್ಲ. ಅಡಿಗೆ ರಬ್ಬರ್ ಹಾಕಿ ಭಾರದ ಮೇಲೆ ನಿಲ್ಲಿಸಿದ್ದೇವೆ.

ಈಗ ಗೋಡೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹಳೇ ಮನೆಗಳು ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ. ಹಳೇ ಗೋಡೆಗೆ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆ ಹತ್ತುತ್ತದೆ. ಹತ್ತಲಿ, ತೊಂದರೆ ಇಲ್ಲ. ಸುಣ್ಣದ ಗಾರೆ ಇದ್ದರೆ ಅದರ ಮೂಲಕ ಗಾಳಿಗೆ ಆರಿಹೋಗುತ್ತದೆ. ಎಷ್ಟೋ ವರ್ಷ ಮನೆ ನಿಂತಿದ್ದು ಹಾಗೇ. ನಾವು ಏನು ಮಾಡುತ್ತೇವೆ? ಗೋಡೆ ಬುಡದಲ್ಲಿ ಪುಡಿ ಉದುರುತ್ತಿದೆ ಅಂತ ಮೂರು ಅಡಿ ಎತ್ತರಕ್ಕೆ ಸಿಮೆಂಟ್ ಬಳಿಯುತ್ತೇವೆ. ತೇವಕ್ಕೆ ಅಲ್ಲಿ ದಾರಿ ಮುಚ್ಚಿತು. ಅದು ಒಳಗೊಳಗೇ ಇನ್ನೂ ಮೇಲೆ ಹತ್ತಿ, ಸಿಮೆಂಟ್ ಮುಗಿದಲ್ಲಿ ಹೊರಗೆ ಬರುತ್ತದೆ. ಜೊತೆಗೆ ಉಪ್ಪು. ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿಂದ ಒಡೆಯುತ್ತದೆ. ಮೂರು ಅಡಿ ಮೇಲೆ ಬಿಳಿ ಗೆರೆ ಕಾಣುತ್ತದಲ್ಲ, ಅದೇ ಇದು. ಅದನ್ನು ನೋಡಿ ಸಿಮೆಂಟನ್ನು ನಾಲ್ಕು ಅಡಿಗೆ ಏರಿಸುತ್ತಾರೆ. ಆಮೇಲೆ ಐದು. ಒಳಗಿನ ಮಣ್ಣಿನ ಗಾರೆ ಅಷ್ಟೂ ದಿನ ಒದ್ದೆಯಾಗಿ ಕೂತಿರುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೂತಿರುವ ಕಡೆ ತೇವ ತಲುಪಿದರೆ ಗೆದ್ದಲಿಗೆ ಬೇರೆ ಕರೆಯೋಲೆ ಬೇಕಾಗಿಲ್ಲ.

ಟೈಲ್ಸ್ ಅಂಟಿಸಿದರೂ ಇದೇ ಕಥೆ. 'ಡ್ಯಾಂಪ್ ಪ್ರೂಫ್' ಅಂತ ಮಾರುವ ಬಣ್ಣ ಒಳಗಡೆ ಬಳಿದರೂ ಇದೇ ಕಥೆ. ಅದಕ್ಕೇ ನಾವು ಬಾತ್‌ರೂಮನ್ನು ಕೋಣೆಯೊಳಗೆ ಬೀರು ತಂದಿಟ್ಟ ಹಾಗೆ ಇಟ್ಟೆವು. ಜಿಐ ಫ್ರೇಮು, ಅದಕ್ಕೆ ಸಿಮೆಂಟ್ ಬೋರ್ಡು, ಒಳಗೆ ವಾಟರ್‌ಪ್ರೂಫಿಂಗ್, ಟೈಲ್ಸ್. ತನ್ನದೇ ನೆಲ, ತನ್ನದೇ ಸೂರು. ಹಳೇ ಗೋಡೆಗೆ ಎಲ್ಲೂ ತಾಗಿಲ್ಲ. ನಡುವೆ ಕೈ ಹೋಗುವಷ್ಟು ಸಂದು. ಟಾರ್ಚ್ ಹಾಕಿ ನೋಡಬಹುದು, ಉದ್ದನೆ ಕಡ್ಡಿ ಪೊರಕೆ ಹಾಕಿ ಗುಡಿಸಬಹುದು. ಪೈಪ್ ಎಲ್ಲಾ ಆ ಸಂದಿನಲ್ಲೇ. ಸೋರಿದರೆ ಅವತ್ತೇ ನೆಲದ ಮೇಲೆ ಕಾಣುತ್ತದೆ. ಒಳಗಿನ ಹಬೆಗೆ ಎಕ್ಸಾಸ್ಟ್ ಫ್ಯಾನು, ಅದರ ಕೊಳವೆ ಬೆಳಕಿಂಡಿಯ ಒಂದು ಮೂಲೆಯಿಂದ ಹೊರಗೆ. ನಾಳೆ ಯಾರಿಗಾದರೂ ಬೇಡವಾದರೆ ಬಿಚ್ಚಿ ತೆಗೆಯಬಹುದು. ಕೆಳಗಿನ ಚಪ್ಪಡಿಗಳನ್ನು ಎಬ್ಬಿಸುವಾಗ ಪ್ರತಿಯೊಂದರ ಅಡಿಗೂ ನಂಬರ್ ಬರೆದು, ಫೋಟೋ ತೆಗೆದು, ಅದೇ ಕ್ರಮದಲ್ಲಿ ಮರಳಿನ ಮೇಲೆ ಕೂರಿಸಿದ್ದೇವೆ.

ಹಳೇ ಸಿಮೆಂಟ್ ಪಟ್ಟಿಯನ್ನು ಉಳಿ ಸುತ್ತಿಗೆಯಲ್ಲಿ ನಿಧಾನಕ್ಕೆ ಬಿಡಿಸಿ ಸುಣ್ಣದ ಗಾರೆ ಮಾಡಿಸಿದೆವು. ಬ್ರೇಕರ್ ಮಷಿನ್ ಹಚ್ಚಿದರೆ ಆ ಅದುರಿಗೆ ಒಳಗಿನ ಕಲ್ಲುಗಳೇ ಸಡಿಲವಾಗುತ್ತವೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಸ್ವಲ್ಪ ಇಟ್ಟಿಗೆ ಪುಡಿ. ಕಲೆಸುವ ನೀರಿಗೆ ಬೆಲ್ಲ, ನೆನೆಸಿದ ಅಳಲೆಕಾಯಿ. ಮೇಸ್ತ್ರಿಗೆ ಗಾರೆ ಅರೆಯುವುದು ಗೊತ್ತಿತ್ತು, ಕಾಯುವುದು ಮರೆತುಹೋಗಿತ್ತು. 'ಸಾರ್, ಎರಡು ಮೂಟೆ ಸಿಮೆಂಟ್ ಕೊಡಿ, ನಾಳೆ ಸಂಜೆಗೆ ಮುಗಿಸಿಕೊಡ್ತೀನಿ' ಅಂತ ದಿನಾ ಕೇಳುತ್ತಿದ್ದರು. ಸುಣ್ಣ ಗಟ್ಟಿಯಾಗುವುದು ಮುಖ್ಯವಾಗಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು. ಅದಕ್ಕೆ ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಮೇಲ್ಮೈ ಸ್ವಲ್ಪ ಪಸೆಯಾಗಿರಬೇಕು. ದುರ್ಗದ ಏಪ್ರಿಲ್ ಗಾಳಿಗೆ ಎರಡೇ ತಾಸಿನಲ್ಲಿ ಒಣಗಿ ಬಿರುಕು ಬಿಡುತ್ತದೆ. ಬಾಗಿಲು ಮುಚ್ಚಿ, ಗೋಡೆ ಮುಂದೆ ಒದ್ದೆ ಗೋಣಿ ಇಳಿಬಿಡಬೇಕಾಯಿತು. ನನ್ನ ಕೇಳಿದರೆ ಈ ಕೆಲಸ ಮಳೆಗಾಲ ಮುಗಿಯುವ ಹೊತ್ತಿಗೆ ಇಟ್ಟುಕೊಳ್ಳಿ. ಸುಣ್ಣದ ಕಲ್ಲಿಗೆ ನೀರು ಹಾಕುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಮಾಳಿಗೆ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಡೋಣ ಅಂತಲೂ ಮಾತು ಬಂತು. ತುಂಬಿದರೆ ಒಂದು ಟನ್. ಅದಿರಲಿ, ಮಾಳಿಗೆ ಆಗಲೇ ಏನು ಹೊತ್ತಿದೆ ನೋಡೋಣ ಅಂತ ಒಂದು ಮೂಲೆಯಲ್ಲಿ ತೋಡಿಸಿದೆ. ಒಂದು ಅಡಿಗಿಂತ ಜಾಸ್ತಿ ಮಣ್ಣು. ಪ್ರತಿ ಸಲ ಸೋರಿದಾಗಲೂ ಹಳೆಯದನ್ನು ಕೆರೆಯದೆ ಮೇಲೊಂದು ಪದರ ಹಾಕಿದ್ದಾರೆ. ಒಂದು ಅಡಿ ದಪ್ಪದ ಮಣ್ಣು ಅಂದರೆ ಚದರ ಅಡಿಗೆ ಸುಮಾರು 45-50 ಕೆಜಿ. ಎಂಟು ಅಡಿಗೆ ಹತ್ತು ಅಡಿಯ ಒಂದು ಅಂಕಣಕ್ಕೆ, ಅಂದರೆ ಕಂಬಗಳ ನಡುವಿನ ಒಂದು ಚೌಕಕ್ಕೆ, ನಾಲ್ಕು ಟನ್ ಹತ್ತಿರ. ಜಂತೆ ಬಾಗಿದ್ದು ವಯಸ್ಸಿಗಲ್ಲ, ಈ ಭಾರಕ್ಕೆ. ಅರ್ಧ ಮಣ್ಣು ಇಳಿಸಿ, ಇಳಿಜಾರು ಸರಿ ಮಾಡಿ, ಚೌಳು ಹಾಕಿಸಿದೆವು. ಟ್ಯಾಂಕ್ ಹಿತ್ತಿಲಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂತಿತು.

ಒಂದು ತೊಲೆಯ ತುದಿ ನಿಜವಾಗಿಯೂ ಲಡ್ಡಾಗಿತ್ತು. ಸುತ್ತಿಗೆ ತಟ್ಟಿದರೆ ಠಣ್ ಅನ್ನುವ ಬದಲು ದಬ್ ಅಂದಿತು. ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಇಡೀ ತೊಲೆ ಬದಲಿಸಿ ಅಂದವರೇ ಎಲ್ಲರೂ. ಕೆಟ್ಟಿದ್ದು ಎರಡು ಅಡಿ, ಉಳಿದಿದ್ದೆಲ್ಲ ಗಟ್ಟಿ. ಕೆಳಗೆ ಜಾಕಿ ಕೊಟ್ಟು, ಕೆಟ್ಟ ತುದಿ ಕೊಯ್ದು, ಓರೆ ಕಚ್ಚು ಹಾಕಿ ಹೊಸ ಮರ ಸೇರಿಸಿ ಬೋಲ್ಟ್ ಬಿಗಿದರು ನಮ್ಮ ಆಚಾರ್ರು. ಹೊಸ ತುಂಡಿಗೆ ಹಳೇ ಬಣ್ಣ ಹಚ್ಚಲೇ ಅಂತ ಕೇಳಿದರು. ಬೇಡ ಅಂದೆ. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಬೇರೆ ಅಂತ ಗುರುತು ಸಿಗಬೇಕು ಅನ್ನುವುದು ಹಳೇ ಕಟ್ಟಡ ಉಳಿಸುವ ಬಗ್ಗೆ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದಿನಲ್ಲೇ ಇದೆ. ಅವರು ಸುಮ್ನೆ ನಕ್ಕು, ಮೇಲ್ಗಡೆ ಉಳಿಯಲ್ಲಿ ಇಸವಿ ಕೆತ್ತಿದರು.

ವೈರಿಂಗ್ ಬಗ್ಗೆ ಹೇಳುವುದು ಕಮ್ಮಿ. ಗೋಡೆ ಕೊರೆಯಬೇಡಿ, ತೊಲೆಯ ಪಕ್ಕದಲ್ಲೇ ಪೈಪ್ ಓಡಿಸಿ. ಕಂಡರೆ ಕಾಣಲಿ.

ಅಡುಗೆಮನೆ, ನಡುಮನೆ ನಡುವಿನ ಗೋಡೆ ಒಡೆದು ದೊಡ್ಡ ಹಾಲ್ ಮಾಡೋಣ ಅನ್ನುವ ಆಸೆ ಮಗನಿಗೆ ಕೊನೆವರೆಗೂ ಇತ್ತು. ಅದರ ಮೇಲೆ ಜಂತೆ ಕೂತಿವೆ ಅನ್ನುವುದು ಒಂದು ಕಾರಣ. ಅದಕ್ಕಿಂತ, ಅಂಕಣಗಳ ಜೋಡಣೆಯೇ ಆ ಮನೆ. ಬಾಗಿಲಲ್ಲಿ ಬಗ್ಗಿ, ಕತ್ತಲೆಯಿಂದ ಬೆಳಕಿಂಡಿ ಕೆಳಗೆ ಬರುವುದು ಹೋದರೆ ಉಳಿದ ಕಂಬಗಳು ಶೋರೂಮಿನ ಸಾಮಾನಿನ ಥರ ಕಾಣುತ್ತವೆ. ಇದು ನನ್ನ ಅಭಿಪ್ರಾಯ. ಅವರಿಗೆ ಇನ್ನೂ ಒಪ್ಪಿಗೆ ಇಲ್ಲ. ಹಬ್ಬದ ದಿನ ಜನ ಜಾಸ್ತಿಯಾದಾಗ ಫೋನ್ ಮಾಡಿ 'ನೋಡ್ರಿ, ಜಾಗ ಸಾಲ್ತಿಲ್ಲ' ಅಂತ ಹೇಳುತ್ತಾರೆ.

ಎಷ್ಟಾಗುತ್ತದೆ ಅಂತ ಕೇಳುವವರಿಗೆ ಒಂದು ಮಾತು. ಇಂಥ ಕೆಲಸಕ್ಕೆ ಚದರ ಅಡಿ ಲೆಕ್ಕದಲ್ಲಿ ದರ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಸಾಮಾನಿಗಿಂತ ಕೂಲಿಯೇ ಜಾಸ್ತಿ, ಗೋಡೆ ಬಿಡಿಸಿ ನೋಡುವವರೆಗೆ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ನನ್ನ ಎಸ್ಟಿಮೇಟಿನಲ್ಲಿ ತೊಲೆ ತುದಿ, ಗೋಡೆ ಬುಡ, ಚಪ್ಪಡಿ ಕೆಳಗಿನ ಮಣ್ಣು, ಈ ಮೂರರ ಮುಂದೆ ಮೊತ್ತ ಇರುವುದಿಲ್ಲ. 'ಬಿಚ್ಚಿದ ಮೇಲೆ' ಅಂತ ಬರೆದಿರುತ್ತೇನೆ. ಅದನ್ನು ನೋಡಿ ಎದ್ದು ಹೋದವರಿದ್ದಾರೆ. ಈ ಮನೆಯವರು ಅದರ ಪಕ್ಕದಲ್ಲಿ 'ನಮ್ಮ ಎದುರಿಗೇ ಬಿಚ್ಚಬೇಕು' ಅಂತ ಪೆನ್ನಿನಲ್ಲಿ ಸೇರಿಸಿ ಸಹಿ ಹಾಕಿದರು. ಆಮೇಲೆ ನಾನು ಆ ಸಾಲನ್ನೂ ಎಲ್ಲ ಎಸ್ಟಿಮೇಟಿನಲ್ಲಿ ಟೈಪ್ ಮಾಡಿಸುತ್ತಿದ್ದೇನೆ.